ಬರ್ಲಿನ್ ಸ್ಟಾರ್ಟಪ್ ಕೆಲಸ: ಆಫರ್‌ಗೆ ಸಹಿ ಹಾಕುವ ಮುಂಚೆ, ಹಾಕಿದ ಮೇಲೆ

ಬರ್ಲಿನ್‌ನಿಂದ ಆಫರ್ ಬಂದಿದೆ ಅಂದ ಕೂಡಲೇ ಮನೆಯಲ್ಲಿ ಮೊದಲು ಕೇಳುವುದು ಸಂಬಳ ಎಷ್ಟು ಅಂತ, ಆಮೇಲೆ ಚಳಿ ಎಷ್ಟು ಅಂತ. ನಾನು ಕೇಳಲು ಹೇಳುವ ಪ್ರಶ್ನೆ ಬೇರೆ: ಆ ಕಂಪನಿಯ ಕೈಯಲ್ಲಿ ಎಷ್ಟು ತಿಂಗಳಿಗಾಗುವಷ್ಟು ದುಡ್ಡಿದೆ? ನೂರು ವರ್ಷದ ಹಳೆಯ ಕಂಪನಿಗೆ ಹೋಗುವವರಿಗೆ ಇದು ಬೇಡ. ಸ್ಟಾರ್ಟಪ್‌ಗೆ ಹೋಗುವವರಿಗೆ ಬೇಕೇ ಬೇಕು. ನಿಮ್ಮ ವಾಸದ ಪರವಾನಗಿ ನಿಂತಿರುವುದು ಕೆಲಸದ ಮೇಲೆ, ಕೆಲಸ ನಿಂತಿರುವುದು ಹೂಡಿಕೆದಾರರ ದುಡ್ಡಿನ ಮೇಲೆ. ಬೆಂಗಳೂರಿನಲ್ಲಿ ಸ್ಟಾರ್ಟಪ್ ಮುಳುಗಿದರೆ ಮರುವಾರ ಇನ್ನೊಂದು ಕಡೆ ಇಂಟರ್‌ವ್ಯೂಗೆ ಹೋಗುತ್ತೀರಿ. ಅಲ್ಲಿ ಮುಳುಗಿದರೆ ಗಡಿಯಾರ ಓಡಲು ಶುರುವಾಗುತ್ತದೆ.

ಇದನ್ನು ಪತ್ತೆ ಮಾಡುವುದು ನೀವು ಅಂದುಕೊಂಡಷ್ಟು ಕಷ್ಟವಲ್ಲ. ಜರ್ಮನಿಯ ಪ್ರತಿ ಕಂಪನಿಯ ವೆಬ್‌ಸೈಟಿನಲ್ಲೂ ಇಂಪ್ರೆಸುಮ್ ಎಂಬ ಪುಟ ಇರಲೇಬೇಕು, ಅದು ಕಾನೂನು. ಅಲ್ಲಿ ಎಚ್‌ಆರ್‌ಬಿ ಅಂತ ಶುರುವಾಗುವ ನೋಂದಣಿ ಸಂಖ್ಯೆ ಇರುತ್ತದೆ, ಜೊತೆಗೆ ಯಾವ ಕೋರ್ಟಿನಲ್ಲಿ ನೋಂದಣಿ ಅಂತ. ಬರ್ಲಿನ್‌ನದಾದರೆ ಶಾರ್ಲಟನ್‌ಬುರ್ಗ್ ಕೋರ್ಟ್. ಆ ಸಂಖ್ಯೆ ಹಿಡಿದು ಹಾಂಡೆಲ್ಸ್‌ರೆಗಿಸ್ಟರ್‌ನಲ್ಲಿ, ಅಂದರೆ ವ್ಯಾಪಾರ ನೋಂದಣಿ ಪುಸ್ತಕದಲ್ಲಿ ಹುಡುಕಿ. 2022ರ ಆಗಸ್ಟ್‌ನಿಂದ ಇದು ಪುಕ್ಕಟೆ. ಷೇರುದಾರರ ಪಟ್ಟಿ ಡೌನ್‌ಲೋಡ್ ಆಗುತ್ತದೆ. ಪಟ್ಟಿಯಲ್ಲಿ ಸ್ಥಾಪಕರ ಹೆಸರು ಮಾತ್ರ ಇದೆಯೋ, ಹೂಡಿಕೆ ನಿಧಿಗಳೂ ಇವೆಯೋ, ಕೊನೆಯ ಬಾರಿ ಷೇರು ಕೈಬದಲಾದದ್ದು ಯಾವಾಗ, ಎಲ್ಲ ಕಾಣುತ್ತದೆ. 'ಈಗಷ್ಟೇ ದೊಡ್ಡ ಸುತ್ತು ಫಂಡಿಂಗ್ ಮುಗಿಸಿದೆವು' ಅಂತ ಇಂಟರ್‌ವ್ಯೂನಲ್ಲಿ ಹೇಳಿದವರ ಪಟ್ಟಿ ಎರಡು ವರ್ಷದಿಂದ ಬದಲಾಗಿಲ್ಲ ಅಂದರೆ ಕೇಳಬೇಕಾದ ಪ್ರಶ್ನೆ ನಿಮಗೇ ಗೊತ್ತಾಗುತ್ತದೆ.

ಆಯವ್ಯಯ ಪಟ್ಟಿಯೂ ಸಿಗುತ್ತದೆ. ಆದರೆ ಆರ್ಥಿಕ ವರ್ಷ ಮುಗಿದು ಹನ್ನೆರಡು ತಿಂಗಳವರೆಗೆ ಪ್ರಕಟಿಸಲು ಅವಕಾಶ ಇರುವುದರಿಂದ ನಿಮ್ಮ ಕೈಗೆ ಬರುವುದು ಹಳಸಿದ ಲೆಕ್ಕ. ದಿಕ್ಕು ತಿಳಿಯಲು ಸಾಕು, ಇವತ್ತಿನ ಸ್ಥಿತಿಗೆ ಸಾಲದು. ಇನ್ನೊಂದು, ಹೆಸರಿನ ಕೊನೆಯಲ್ಲಿ ಗೇಎಂಬೆಹಾ (ಜಿಎಂಬಿಎಚ್) ಅಂತಿದ್ದರೆ ಅದರ ಮೂಲ ಬಂಡವಾಳ ಕನಿಷ್ಠ 25,000 ಯುರೋ. ಯುಜಿ ಅಂತಿದ್ದರೆ ಒಂದೇ ಯುರೋದಲ್ಲೂ ಶುರು ಮಾಡಬಹುದು. ಯುಜಿ ಅಂದರೆ ಮೋಸ ಅಂತಲ್ಲ. ಹೆಂಡತಿ ಮಕ್ಕಳ ಸಮೇತ ಹೊರಡುವವರು ಮಾತ್ರ ಇನ್ನೆರಡು ಪ್ರಶ್ನೆ ಹೆಚ್ಚಿಗೆ ಕೇಳಿ.

'ರನ್‌ವೇ ಎಷ್ಟು ತಿಂಗಳು?', ಅಂದರೆ ಕೈಯಲ್ಲಿರುವ ದುಡ್ಡು ಎಷ್ಟು ತಿಂಗಳಿಗಾಗುತ್ತದೆ ಅಂತ ನೇರವಾಗಿ ಕೇಳುವುದು ಅಲ್ಲಿ ಅಸಭ್ಯವಲ್ಲ. ನಮಗೆ ಸಂಕೋಚ, ಅವರಿಗಿಲ್ಲ. ಉತ್ತರ ಹದಿನೆಂಟು ತಿಂಗಳಿಗಿಂತ ಕಡಿಮೆ ಇದ್ದರೆ ಸಂಸಾರ ಹೂಡುವ ಯೋಚನೆ ಸದ್ಯಕ್ಕೆ ಬೇಡ ಎನ್ನುವುದು ನನ್ನ ಅಭಿಪ್ರಾಯ. ಹದಿನೆಂಟೇ ಯಾಕೆ? ಅಲ್ಲಿ ನಿರುದ್ಯೋಗ ಭತ್ಯೆ ಸಿಗಬೇಕಾದರೆ ಹನ್ನೆರಡು ತಿಂಗಳ ವಂತಿಗೆ ಕಟ್ಟಿರಬೇಕು. ವೀಸಾ ಬರುವುದಕ್ಕೇ ಕೆಲವು ತಿಂಗಳು ಕಳೆದಿರುತ್ತದೆ. ಕಂಪನಿ ಹತ್ತನೇ ತಿಂಗಳಿಗೆ ಬಾಗಿಲು ಹಾಕಿದರೆ ಕೆಲಸವೂ ಇಲ್ಲ, ಭತ್ಯೆಯೂ ಇಲ್ಲ.

ಈಗ ಒಪ್ಪಂದಕ್ಕೆ ಬರೋಣ. ನಿಮ್ಮಲ್ಲಿ ಹೆಚ್ಚಿನವರು ಹೋಗುವುದು ಬ್ಲೂ ಕಾರ್ಡ್ ಮೇಲೆ, ಅಂದರೆ ನುರಿತ ವಿದೇಶಿ ಉದ್ಯೋಗಿಗಳಿಗೆ ಕೊಡುವ ಕೆಲಸ ಮತ್ತು ವಾಸದ ಪರವಾನಗಿಯ ಮೇಲೆ. ಅದಕ್ಕೆ ಕನಿಷ್ಠ ಸಂಬಳ ಇದೆ. 2025ರಲ್ಲಿ ವರ್ಷಕ್ಕೆ 48,300 ಯುರೋ ಇತ್ತು, 2026ಕ್ಕೆ 50,700 ಆಯಿತು. ಸಾಫ್ಟ್‌ವೇರ್‌ನಂಥ, ಜನ ಸಾಲದ ವೃತ್ತಿಗಳಿಗೆ ಮತ್ತು ಹೊಸದಾಗಿ ಪದವಿ ಮುಗಿಸಿದವರಿಗೆ ಕೆಳಗಿನ ಮಿತಿ: 2026ರಲ್ಲಿ 45,934 ಯುರೋ ಚಿಲ್ಲರೆ. ಪಿಂಚಣಿ ವಂತಿಗೆ ಲೆಕ್ಕ ಹಾಕುವ ಸಂಬಳದ ಮೇಲ್ಮಿತಿಗೆ ತಳಕು ಹಾಕಿರುವ ಅಂಕಿ ಇದಾದ್ದರಿಂದ ಸಾಮಾನ್ಯವಾಗಿ ಪ್ರತಿ ಜನವರಿಯಲ್ಲೂ ಏರುತ್ತದೆ. ನವೆಂಬರ್‌ನಲ್ಲಿ ಮಿತಿಯ ಅಂಚಿನಲ್ಲೇ ಆಫರ್ ಪಡೆದು, ಜನವರಿಯಲ್ಲಿ ಅರ್ಜಿ ಹಾಕಿದರೆ ಅರ್ಜಿ ನಿಲ್ಲುತ್ತದೆ. ಕೆಳಗಿನ ಮಿತಿಯಲ್ಲಿ ಹೋಗುವವರ ಕಡತ ಅಲ್ಲಿಯ ಉದ್ಯೋಗ ಇಲಾಖೆಗೂ ಹೋಗುತ್ತದೆ. ಅದೇ ಕೆಲಸಕ್ಕೆ ಸ್ಥಳೀಯರಿಗೆ ಕೊಡುವುದಕ್ಕಿಂತ ನಿಮಗೆ ಕಡಿಮೆ ಕೊಡುತ್ತಿಲ್ಲ ತಾನೇ ಎಂದು ಅವರು ನೋಡುತ್ತಾರೆ. ಸ್ಟಾರ್ಟಪ್‌ಗಳು ಇಲ್ಲೊಂದು ಆಟ ಆಡುತ್ತವೆ. 'ಸಂಬಳ 42,000, ಮಿಕ್ಕಿದ್ದು ಬೋನಸ್ ಮತ್ತು ಷೇರು' ಅನ್ನುತ್ತಾರೆ. ಲೆಕ್ಕಕ್ಕೆ ಬರುವುದು ಖಚಿತ ಸಂಬಳ ಮಾತ್ರ. ಕಂಪನಿ ಚೆನ್ನಾಗಿ ನಡೆದರೆ ಕೊಡುವ ಬೋನಸ್ ಆಗಲಿ, ಷೇರಿನ ಆಸೆಯಾಗಲಿ ವೀಸಾ ಮೇಜಿನ ಮೇಲೆ ಸೊನ್ನೆ.

ಡಿಗ್ರಿ ಇಲ್ಲದವರು ಕೂತಿದ್ದರೆ ಎದ್ದು ಹೋಗಬೇಡಿ. 2023ರ ನವೆಂಬರ್‌ನಿಂದ ಐಟಿಯವರಿಗೆ ವಿನಾಯಿತಿ ಇದೆ: ಕಳೆದ ಏಳು ವರ್ಷಗಳಲ್ಲಿ ಮೂರು ವರ್ಷದ ತಕ್ಕ ಅನುಭವ ತೋರಿಸಿದರೆ, ಕೆಳಗಿನ ಮಿತಿಯ ಸಂಬಳ ಇದ್ದರೆ, ಪದವಿ ಇಲ್ಲದೆಯೂ ಬ್ಲೂ ಕಾರ್ಡ್ ಸಿಗುತ್ತದೆ. ಅನುಭವ ಪತ್ರದಲ್ಲಿ ಹುದ್ದೆಯ ಹೆಸರು ಮಾತ್ರ ಇದ್ದರೆ ಸಾಲದು. ಏನು ಕೆಲಸ ಮಾಡಿದಿರಿ, ಎಂಥ ತಂತ್ರಜ್ಞಾನ ಬಳಸಿದಿರಿ ಅಂತ ನಾಲ್ಕು ಸಾಲು ಬರೆಸಿಕೊಳ್ಳಿ. ನಮ್ಮಲ್ಲಿಯ ಎಚ್‌ಆರ್ ಕೊಡುವ ಎರಡು ಸಾಲಿನ ರಿಲೀವಿಂಗ್ ಲೆಟರ್ ಅಲ್ಲಿ ಏನೂ ಹೇಳುವುದಿಲ್ಲ.

ಡಿಗ್ರಿ ಇದ್ದವರು ಅನಾಬಿನ್ ಎಂಬ ಜರ್ಮನ್ ಸರ್ಕಾರಿ ದತ್ತಾಂಶದಲ್ಲಿ ಎರಡು ಸಂಗತಿ ನೋಡಬೇಕು: ನಿಮ್ಮ ವಿಶ್ವವಿದ್ಯಾಲಯಕ್ಕೆ ಎಚ್ ಪ್ಲಸ್ ದರ್ಜೆ, ಅಂದರೆ ಅಲ್ಲಿಯ ಮಾನ್ಯತೆ ಇದೆಯೇ, ನಿಮ್ಮ ಪದವಿ ಅಲ್ಲಿಯ ಪದವಿಗೆ ಸಮ ಎಂದು ನಮೂದಾಗಿದೆಯೇ. ಎರಡೂ ಪುಟ ಪ್ರಿಂಟ್ ತೆಗೆದಿಡಿ. ಪಟ್ಟಿಯಲ್ಲಿ ಇಲ್ಲದಿದ್ದರೆ ಬಾನ್‌ನಲ್ಲಿರುವ ಜೆಡ್‌ಎಬಿ ಕಚೇರಿಯಿಂದ ಸಮಾನತೆಯ ಪತ್ರ ತರಿಸಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಆಫರ್ ಬರುವ ಮುಂಚೆಯೇ ಈ ಕೆಲಸ ಮಾಡಿಟ್ಟುಕೊಂಡವರು ಜಾಣರು.

ಷೇರಿನ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ಕೋರಮಂಗಲದಲ್ಲಿ, ಎಚ್‌ಎಸ್‌ಆರ್‌ನಲ್ಲಿ ಇಸಾಪ್, ಅಂದರೆ ಕಂಪನಿ ನೌಕರರಿಗೆ ಷೇರು ಕೊಡುವ ಯೋಜನೆ, ಎಲ್ಲರಿಗೂ ಗೊತ್ತು. ಬರ್ಲಿನ್‌ನಲ್ಲಿ ನಿಮಗೆ ಕೊಡುವುದು ಬಹುಪಾಲು ವಿಸಾಪ್, ಅಂದರೆ ಹೆಸರಿಗೆ ಮಾತ್ರದ ಷೇರು. ನೀವು ಷೇರುದಾರರಾಗುವುದಿಲ್ಲ, ಮತ ಇಲ್ಲ. ಕಂಪನಿ ಮಾರಾಟವಾದರೆ ಇಂತಿಷ್ಟು ದುಡ್ಡು ಕೊಡುತ್ತೇವೆ ಎಂಬ ಕರಾರು ಅಷ್ಟೆ. ಆ ದುಡ್ಡು ಬಂದ ವರ್ಷ ಸಂಬಳದ ಹಾಗೇ ಅದಕ್ಕೆ ತೆರಿಗೆ.

ಒಂದು ಲೆಕ್ಕ ಹಾಕೋಣ. ನಿಮಗೆ 0.1 ಪರ್ಸೆಂಟ್ ಕೊಟ್ಟಿದ್ದಾರೆ. ಕಂಪನಿ ಎರಡು ಕೋಟಿ ಯುರೋಗೆ ಮಾರಾಟವಾಯಿತು. ನಿಮ್ಮ ಪಾಲು 20,000 ಅಂದುಕೊಂಡಿರಿ. ಹೂಡಿಕೆದಾರರು ಹಾಕಿದ್ದು 1.2 ಕೋಟಿ, ಅದನ್ನು ಮೊದಲು ವಾಪಸ್ ಪಡೆದು ಆಮೇಲೆ ಉಳಿದದ್ದನ್ನು ಹಂಚಬೇಕು ಎಂಬ ಷರತ್ತು ಅವರ ಒಪ್ಪಂದದಲ್ಲಿದೆ. ಉಳಿದದ್ದು 80 ಲಕ್ಷ, ನಿಮ್ಮ ಪಾಲು 8,000. ಇದರಿಂದ ನಿಮ್ಮ ಪತ್ರದಲ್ಲಿ ಬರೆದಿರುವ ಮೂಲ ಬೆಲೆ, ಅಂದರೆ ಪಾಲು ಕೊಟ್ಟಾಗ ಅದಕ್ಕೆ ನಿಗದಿ ಮಾಡಿದ ಬೆಲೆ ಕಳೆಯಬೇಕು. ಆಮೇಲೆ ತೆರಿಗೆ. ನಾಲ್ಕು ವರ್ಷದ ಕೆಲಸಕ್ಕೆ ಒಂದು ತಿಂಗಳ ಸಂಬಳ ಕೈಗೆ ಬಂದರೆ ಪುಣ್ಯ. ಹಾಗಾಗಿ ವಿಸಾಪ್ ತೋರಿಸಿ ಸಂಬಳ ಇಳಿಸಿದರೆ ಒಪ್ಪಬೇಡಿ. ಪುಕ್ಕಟೆ ಸಿಕ್ಕರೆ ಇಟ್ಟುಕೊಳ್ಳಿ.

ಒಂದು ಒಳ್ಳೆಯ ಸುದ್ದಿಯೂ ಇದೆ. ಕೆಲಸ ಬಿಟ್ಟ ದಿನವೇ ಗಳಿಸಿದ ಪಾಲೆಲ್ಲ ರದ್ದು ಅಂತ ಹಲವು ಕಂಪನಿಗಳು ಒಪ್ಪಂದದಲ್ಲಿ ಬರೆಯುತ್ತಿದ್ದವು. 2025ರ ಮಾರ್ಚ್ 19ರಂದು ಜರ್ಮನಿಯ ಉನ್ನತ ಕಾರ್ಮಿಕ ನ್ಯಾಯಾಲಯ ಅಂಥ ಸಿದ್ಧ ಷರತ್ತು ನಿಲ್ಲುವುದಿಲ್ಲ ಎಂದಿತು. ಗಳಿಸಿದ ಪಾಲು ದುಡಿಮೆಗೆ ಕೊಟ್ಟ ಪ್ರತಿಫಲ ಎಂಬುದು ಅದರ ವಾದ. ಹಳೆಯ ನಮೂನೆಯ ಒಪ್ಪಂದ ಕೈಗೆ ಬಂದರೆ ಈ ತೀರ್ಪಿನ ಹೆಸರು ಹೇಳಿ ತಿದ್ದಿಸಿ.

ವೀಸಾಕ್ಕೆ ಬೇಕಾದ ಕಾಗದಗಳ ಪಟ್ಟಿ ಓದಿ ಹೇಳುವುದಿಲ್ಲ, ಅದು ಕಾನ್ಸುಲೇಟ್ ಪುಟದಲ್ಲಿದೆ. 2025ರ ಜನವರಿಯಿಂದ ಅರ್ಜಿಯನ್ನು ಮೊದಲು ಆನ್‌ಲೈನ್‌ನಲ್ಲೇ ಹಾಕಬಹುದು. ಶುಲ್ಕ 75 ಯುರೋ. ಜನ ಎಡವುವುದು ಎರಡು ಕಡೆ. ಕಂಪನಿ ತುಂಬಿಕೊಡಬೇಕಾದ ಉದ್ಯೋಗ ಘೋಷಣೆ ಪತ್ರದಲ್ಲಿ ಬರೆದ ಸಂಬಳ, ಕೆಲಸದ ಗಂಟೆ, ಹುದ್ದೆ ಒಪ್ಪಂದದಲ್ಲಿ ಇರುವಂತೆಯೇ ಇರಬೇಕು. ಹತ್ತು ಜನರ ಸ್ಟಾರ್ಟಪ್‌ನಲ್ಲಿ ಎಚ್‌ಆರ್ ಅಂತ ಯಾರೂ ಇರುವುದಿಲ್ಲ, ಸ್ಥಾಪಕರೇ ರಾತ್ರಿ ಕೂತು ತುಂಬುತ್ತಾರೆ, ತಪ್ಪುತ್ತಾರೆ. ಕಳಿಸುವ ಮುಂಚೆ ನೀವೇ ಹೋಲಿಸಿ ನೋಡಿ. ಎರಡನೆಯದು ಆರೋಗ್ಯ ವಿಮೆ: ವಿಮಾನ ಇಳಿದ ದಿನದಿಂದ ಕೆಲಸಕ್ಕೆ ಸೇರುವ ದಿನದವರೆಗಿನ ಅಂತರಕ್ಕೆ ಪ್ರಯಾಣ ವಿಮೆ ಬೇಕು. ಸೇರಿದ ದಿನದಿಂದ ಅಲ್ಲಿಯ ವಿಮೆ ಶುರು.

ಬೆಂಗಳೂರಿನಲ್ಲಿ ನೋಟಿಸ್ ಪೀರಿಯಡ್ ಎರಡು ಮೂರು ತಿಂಗಳು ಇರುತ್ತದಲ್ಲ, ರಾಜೀನಾಮೆ ಯಾವಾಗ ಕೊಡಬೇಕು ಅಂತ ಪ್ರತಿ ಸಲವೂ ಯಾರಾದರೂ ಕೇಳುತ್ತಾರೆ. ಪಾಸ್‌ಪೋರ್ಟಿನಲ್ಲಿ ವೀಸಾ ಅಂಟಿದ ಮೇಲೆ ಕೊಡುವುದು ಕ್ಷೇಮ. ಅದಕ್ಕೆ ಬರ್ಲಿನ್‌ನವರು ಕಾಯುವುದಿಲ್ಲ ಅಂದರೆ, ಸೇರುವ ದಿನಾಂಕ ವೀಸಾ ಸಿಕ್ಕ ದಿನದ ಮೇಲೆ ನಿರ್ಧಾರವಾಗುತ್ತದೆ ಎಂಬ ಸಾಲನ್ನು ಒಪ್ಪಂದದಲ್ಲಿ ಹಾಕಿಸಿ. 'ವೀಸಾ ಬರುವವರೆಗೆ ಅಲ್ಲಿಂದಲೇ ಕೆಲಸ ಶುರು ಮಾಡಿ' ಅಂತ ಕೆಲವರು ಹೇಳುತ್ತಾರೆ. ಮಾಡಬಹುದು, ಆದರೆ ತೆರಿಗೆ ಇಲ್ಲಿ ಕಟ್ಟಬೇಕು, ಮತ್ತು ಆ ತಿಂಗಳುಗಳು ಅಲ್ಲಿಯ ಪಿಂಚಣಿಗೂ ನಿರುದ್ಯೋಗ ವಿಮೆಗೂ ಲೆಕ್ಕಕ್ಕೆ ಬರುವುದಿಲ್ಲ. ಆಗಲೇ ಹೇಳಿದೆನಲ್ಲ, ಆ ಹನ್ನೆರಡು ತಿಂಗಳ ಎಣಿಕೆ ಶುರುವಾಗುವುದು ಬರ್ಲಿನ್‌ನ ಮೊದಲ ಸಂಬಳದ ಚೀಟಿಯಿಂದ.

ಇಳಿದ ಮೇಲಿನ ಮೊದಲ ಆರು ವಾರ ಒಂದು ಸರಪಳಿ. ಮನೆ ವಿಳಾಸ ಇಲ್ಲದೆ ನೋಂದಣಿ ಇಲ್ಲ. ನೋಂದಣಿ ಇಲ್ಲದೆ ತೆರಿಗೆ ಸಂಖ್ಯೆ ಇಲ್ಲ. ತೆರಿಗೆ ಸಂಖ್ಯೆ ಇಲ್ಲದೆ ಸಂಬಳದಲ್ಲಿ ಕಡಿತ, ಅತಿ ಹೆಚ್ಚು ತೆರಿಗೆ ಹಿಡಿಯುವ ಆರನೇ ತೆರಿಗೆ ವರ್ಗದಲ್ಲಿ. ಆ ಸಂಬಳದ ಚೀಟಿ ಇಲ್ಲದೆ ಮನೆ ಇಲ್ಲ! ಸುತ್ತು ಬಂದು ಅಲ್ಲಿಗೇ ನಿಲ್ಲುತ್ತದೆ. ಇದನ್ನು ಕಡಿಯುವ ಜಾಗ ಒಂದೇ: ಮೊದಲ ಎರಡು ಮೂರು ತಿಂಗಳಿಗೆ ಹಿಡಿಯುವ ತಾತ್ಕಾಲಿಕ ಮನೆ. ಬುಕ್ ಮಾಡುವಾಗ ಕೇಳಬೇಕಾದ ಪ್ರಶ್ನೆಯೂ ಒಂದೇ, 'ಇಲ್ಲಿ ಆನ್‌ಮೆಲ್ಡುಂಗ್ ಮಾಡಬಹುದೇ?' ಆನ್‌ಮೆಲ್ಡುಂಗ್ ಅಂದರೆ ಈ ವಿಳಾಸದಲ್ಲಿ ವಾಸವಿದ್ದೇನೆ ಎಂಬ ಸರ್ಕಾರಿ ನೋಂದಣಿ. ಮನೆಗೆ ಸೇರಿದ ಎರಡು ವಾರದೊಳಗೆ ಮಾಡಿಸಬೇಕು, ಅದಕ್ಕೆ ಮನೆ ಕೊಟ್ಟವರ ಸಹಿ ಇರುವ ದೃಢೀಕರಣ ಪತ್ರ ಬೇಕು. ಆ ಪತ್ರ ಕೊಡದ ಮನೆ ಇನ್ನೂರು ಯುರೋ ಅಗ್ಗವಿದ್ದರೂ ನಿಮಗೆ ದುಬಾರಿಯೇ.

ನೋಂದಣಿ ಆಗುವುದು ಬ್ಯುರ್ಗರ್‌ಆಮ್ಟ್ ಎಂಬ ನಾಗರಿಕ ಕಚೇರಿಯಲ್ಲಿ. ನೀವು ನೊಯ್‌ಕೋಲ್ನ್‌ನಲ್ಲಿದ್ದರೂ ಷ್ಪಾಂಡೌ ಕಚೇರಿಗೆ ಹೋಗಬಹುದು, ಬರ್ಲಿನ್‌ನ ಯಾವುದಾದರೂ ನಡೆಯುತ್ತದೆ. ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ. ರದ್ದಾದವು ದಿನವಿಡೀ ಒಂದೊಂದಾಗಿ ವಾಪಸ್ ಬರುತ್ತಿರುತ್ತವೆ, ಬೆಳಿಗ್ಗೆ ಬೇಗ ನೋಡುವುದು ವಾಸಿ. ಎರಡು ವಾರ ಮೀರಿತು ಅಂತ ಗಾಬರಿ ಬೇಡ, ಅಪಾಯಿಂಟ್‌ಮೆಂಟಿಗೆ ಪ್ರಯತ್ನಿಸಿದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಆ ಅರ್ಜಿಯಲ್ಲಿ ಧರ್ಮದ ಕಾಲಂ ಇದೆ. ಮಂಗಳೂರು, ಉಡುಪಿ ಕಡೆಯ ಕ್ಯಾಥೊಲಿಕ್ ಮನೆಯವರು ಗಮನಿಸಿ: ಅಲ್ಲಿ ಚರ್ಚಿನ ಸದಸ್ಯತ್ವಕ್ಕೆ ತೆರಿಗೆ ಇದೆ. ಬರ್ಲಿನ್‌ನಲ್ಲಿ ಆದಾಯ ತೆರಿಗೆಯ ಮೇಲೆ 9 ಪರ್ಸೆಂಟ್. ವರ್ಷಕ್ಕೆ 60,000 ಸಂಬಳದವರಿಗೆ ತಿಂಗಳಿಗೆ 70 ಯುರೋ ಆಸುಪಾಸು. ಕೊಡುವುದು ಬಿಡುವುದು ನಿಮ್ಮ ನಂಬಿಕೆಗೆ ಬಿಟ್ಟದ್ದು. ಆದರೆ ಅದು ತೆರಿಗೆಯ ಕಾಲಂ ಎಂದು ಗೊತ್ತಿಲ್ಲದೆ ತುಂಬಿ, ಮೊದಲ ಸಂಬಳದ ಚೀಟಿ ನೋಡಿ ಬೆಚ್ಚಿಬೀಳುವುದು ಬೇಡ. ಬಿಡಬೇಕೆಂದರೆ ಕೋರ್ಟಿಗೆ ಹೋಗಿ ಬರೆದುಕೊಡಬೇಕು.

ನೋಂದಣಿಯಾದ ಎರಡು ಮೂರು ವಾರಕ್ಕೆ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಇಮೇಲಿನಲ್ಲಿ ಅಲ್ಲ. ಅಂಚೆಪೆಟ್ಟಿಗೆಯ ಮೇಲೆ ನಿಮ್ಮ ಹೆಸರು ಇಲ್ಲದಿದ್ದರೆ ಪತ್ರ ವಾಪಸ್ ಹೋಗುತ್ತದೆ. ಅಲ್ಲಿ ಮನೆ ನಂಬರ್ ನೋಡಿ ಪತ್ರ ಹಾಕುವುದಿಲ್ಲ, ಹೆಸರು ನೋಡಿ ಹಾಕುತ್ತಾರೆ. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು, ಊರಿನ ಹೆಸರು ಎಲ್ಲ ಸೇರಿ ಉದ್ದ ಇರುವವರು ಕಾಗದದಲ್ಲಿ ಯಾವುದನ್ನು ಮನೆತನದ ಹೆಸರಾಗಿ ಬರೆದಿದ್ದಾರೆ ನೋಡಿ, ಅದನ್ನೇ ಪೆಟ್ಟಿಗೆಗೆ ಅಂಟಿಸಿ. ಬ್ಯಾಂಕಿನ ಕಾರ್ಡು, ವಿಮೆ ಕಾರ್ಡು, ವಲಸೆ ಕಚೇರಿಯ ಕರೆ, ಎಲ್ಲ ಬರುವುದು ಅದೇ ಪೆಟ್ಟಿಗೆಗೆ. ಅದರ ಜೊತೆಗೆ ಸಾರ್ವಜನಿಕ ರೇಡಿಯೊ, ಟಿವಿ ಶುಲ್ಕದ ಪತ್ರವೂ ಬರುತ್ತದೆ: ಮನೆಗೆ ತಿಂಗಳಿಗೆ 18.36 ಯುರೋ, ಟಿವಿ ಇರಲಿ ಬಿಡಲಿ. ಮೋಸದ ಪತ್ರ ಅಂತ ಹರಿದು ಎಸೆಯುವವರಿದ್ದಾರೆ, ಬಾಕಿ ಏರುತ್ತಾ ಹೋಗುತ್ತದೆ.

ಕಾಯಂ ಮನೆ ಹುಡುಕಲು ಮೂರು ತಿಂಗಳ ಸಂಬಳದ ಚೀಟಿ, ಶೂಫಾ ಎಂಬ ಸಾಲದ ವರದಿ, ಹಿಂದಿನ ಮನೆಯವರಿಗೆ ಬಾಡಿಗೆ ಬಾಕಿ ಇಲ್ಲ ಎಂಬ ಪತ್ರ ಕೇಳುತ್ತಾರೆ. ಒಂದೇ ಪಿಡಿಎಫ್ ಮಾಡಿ ಫೋನಿನಲ್ಲಿಟ್ಟುಕೊಳ್ಳಿ. ಜಾಹೀರಾತು ಹಾಕಿದ ಗಂಟೆಯೊಳಗೆ ನೂರಾರು ಅರ್ಜಿ ಬಿದ್ದಿರುತ್ತದೆ. ಠೇವಣಿ ಕಾನೂನಿನ ಪ್ರಕಾರ ಹೆಚ್ಚೆಂದರೆ ಮೂರು ತಿಂಗಳ ಬರಿ ಬಾಡಿಗೆ, ಅದನ್ನು ಮೂರು ಕಂತಿನಲ್ಲಿ ಕಟ್ಟುವ ಹಕ್ಕು ನಿಮಗಿದೆ. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬಂದ ಬೆಂಗಳೂರಿನವರಿಗೆ ಇದು ಸ್ವರ್ಗ. ನರಕ ಬೇರೆ ಕಡೆ ಇದೆ: ಅಡುಗೆಮನೆಗೆ ಹೋದರೆ ಸಿಂಕೂ ಇಲ್ಲ, ಒಲೆಯೂ ಇಲ್ಲ, ಗೋಡೆಯಿಂದ ಪೈಪು ಚಾಚಿಕೊಂಡಿರುತ್ತದೆ. ಹಿಂದಿನವರು ತಮ್ಮ ಅಡುಗೆಮನೆ ಕಿತ್ತುಕೊಂಡು ಹೋಗಿರುತ್ತಾರೆ. ಜಾಹೀರಾತಿನಲ್ಲಿ ಐನ್‌ಬೌಕ್ಯುಷೆ ಅಂತ ಇದೆಯೇ ನೋಡಿ, ಇದ್ದರೆ ಅಡುಗೆಮನೆ ಇದೆ ಅಂತ ಅರ್ಥ. 'ಮಾಲೀಕರು ವಿದೇಶದಲ್ಲಿದ್ದಾರೆ, ದುಡ್ಡು ಕಳಿಸಿದರೆ ಕೀಲಿ ಅಂಚೆಯಲ್ಲಿ ಬರುತ್ತದೆ' ಅಂದವರಿಗೆ ಉತ್ತರವನ್ನೇ ಬರೆಯಬೇಡಿ.

ಸಂಬಳದ ವಿಷಯ ಬಾಕಿ ಇಟ್ಟಿದ್ದೆ. ವರ್ಷಕ್ಕೆ 60,000, ಅಂದರೆ ತಿಂಗಳಿಗೆ 5,000 ಯುರೋ, ಒಂಟಿ, ಮಕ್ಕಳಿಲ್ಲ ಅಂತಿಟ್ಟುಕೊಳ್ಳಿ. ಪಿಂಚಣಿಗೆ 465, ನಿರುದ್ಯೋಗ ವಿಮೆಗೆ 65, ಆರೋಗ್ಯ ವಿಮೆಗೆ 430ರ ಸುಮಾರು, ವೃದ್ಧಾಪ್ಯ ಆರೈಕೆ ವಿಮೆಗೆ 120, ಆದಾಯ ತೆರಿಗೆ 800ರ ಹತ್ತಿರ. ಕೈಗೆ ಬರುವುದು 3,100 ಚಿಲ್ಲರೆ. ಮದುವೆಯಾಗಿ ಸಂಗಾತಿ ಇನ್ನೂ ಇಲ್ಲೇ ಇದ್ದರೆ ಸಾಮಾನ್ಯವಾಗಿ ಒಂಟಿಯವರ ವರ್ಗದಲ್ಲೇ ತೆರಿಗೆ. ಅಲ್ಲಿಗೆ ಬಂದು ನೋಂದಾಯಿಸಿದ ಮೇಲೆ ವರ್ಗ ಬದಲಿಸಬಹುದು. ಸಂಗಾತಿಗೆ ಬಂದ ದಿನದಿಂದಲೇ ಕೆಲಸ ಮಾಡುವ ಹಕ್ಕಿದೆ, ಬ್ಲೂ ಕಾರ್ಡಿನವರ ಸಂಗಾತಿಗೆ ಜರ್ಮನ್ ಭಾಷೆಯ ಪರೀಕ್ಷೆಯೂ ಬೇಡ. ಇಲ್ಲಿಯ ಸೇವಿಂಗ್ಸ್ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿ ಭಾರತೀಯರ ಖಾತೆ ಮಾಡಿಸಲು ಮರೆಯಬೇಡಿ, ಹೊರಡುವ ವಾರದ ಗಡಿಬಿಡಿಯಲ್ಲಿ ತಪ್ಪುವುದು ಇದೇ.

ಈಗ ಯಾರೂ ಕೇಳಲು ಇಷ್ಟಪಡದ ಭಾಗ. ಕೆಲಸ ಹೋದರೆ?

ಮೊದಲ ಆರು ತಿಂಗಳು ಪ್ರೊಬೇಷನ್, ಎರಡು ವಾರದ ನೋಟಿಸಿನಲ್ಲಿ ಕಾರಣ ಹೇಳದೆ ತೆಗೆಯಬಹುದು. ಆಮೇಲೆ ಕನಿಷ್ಠ ನಾಲ್ಕು ವಾರ, ಅದೂ ಹದಿನೈದನೇ ತಾರೀಕಿಗೆ ಇಲ್ಲವೇ ತಿಂಗಳ ಕೊನೆಗೆ. ಆರು ತಿಂಗಳು ದಾಟಿ, ಕಂಪನಿಯಲ್ಲಿ ಹತ್ತಕ್ಕಿಂತ ಹೆಚ್ಚು ಜನ ಇದ್ದರೆ ತೆಗೆಯಲು ಕಾನೂನು ಒಪ್ಪುವ ಕಾರಣ ಬೇಕು. ಎಂಟು ಜನರ ಸ್ಟಾರ್ಟಪ್‌ಗೆ ಈ ರಕ್ಷಣೆ ಇಲ್ಲ, ಸೇರುವ ಮುಂಚೆ ತಲೆ ಎಣಿಸಿ. ಸ್ಲ್ಯಾಕ್‌ನಲ್ಲೋ ಇಮೇಲ್‌ನಲ್ಲೋ 'ನಾಳೆಯಿಂದ ಬರಬೇಡಿ' ಅಂದರೆ ಅದು ನೋಟಿಸೇ ಅಲ್ಲ. ಕಾಗದದ ಮೇಲೆ, ಶಾಯಿಯ ಸಹಿಯೊಂದಿಗೆ ನಿಮ್ಮ ಕೈ ಸೇರಬೇಕು. ಸೇರಿದ ದಿನದಿಂದ ಮೂರು ವಾರದೊಳಗೆ ಕಾರ್ಮಿಕ ಕೋರ್ಟಿನಲ್ಲಿ ದಾವೆ ಹಾಕಬೇಕು, ಒಂದು ದಿನ ತಪ್ಪಿದರೂ ನೋಟಿಸ್ ಸರಿ ಎಂದೇ ಆಗುತ್ತದೆ. ಕೆಳಹಂತದಲ್ಲಿ ಗೆದ್ದರೂ ಸೋತರೂ ವಕೀಲರ ಖರ್ಚು ಅವರವರದ್ದು. ಕಾನೂನು ವಿಮೆ ಮಾಡಿಸುವವರು ಮೊದಲ ತಿಂಗಳಲ್ಲೇ ಮಾಡಿಸಿ, ಕೆಲಸದ ವ್ಯಾಜ್ಯಕ್ಕೆ ಸಾಮಾನ್ಯವಾಗಿ ಮೂರು ತಿಂಗಳ ಕಾಯುವಿಕೆ ಇರುತ್ತದೆ.

ಹೆಚ್ಚು ಜನ ಬೀಳುವ ಗುಂಡಿ ಬೇರೆ. ಸ್ಥಾಪಕರು ಕೋಣೆಗೆ ಕರೆದು, ನಗುತ್ತಾ, 'ಪರಸ್ಪರ ಒಪ್ಪಿಗೆಯಿಂದ ಬೇರೆಯಾಗೋಣ, ಇಲ್ಲಿ ಸಹಿ ಹಾಕಿ' ಅನ್ನುತ್ತಾರೆ. ನಮ್ಮ ಜನ ಸಂಕೋಚಕ್ಕೆ ಹಾಕಿಬಿಡುತ್ತಾರೆ. ಹಾಕಿದರೆ ಕೆಲಸ ನೀವಾಗಿಯೇ ಬಿಟ್ಟ ಹಾಗೆ, ನಿರುದ್ಯೋಗ ಭತ್ಯೆಗೆ ಹನ್ನೆರಡು ವಾರದ ತಡೆ ಬೀಳಬಹುದು. 'ಮನೆಗೆ ಒಯ್ದು ಓದುತ್ತೇನೆ' ಅನ್ನಿ, ಎದ್ದು ಬನ್ನಿ. ಕೆಲಸ ಹೋಗುವುದು ಗೊತ್ತಾದ ಮೂರು ದಿನದೊಳಗೆ ಉದ್ಯೋಗ ಕಚೇರಿಗೆ ತಿಳಿಸಿ, ಎರಡು ವಾರದೊಳಗೆ ವಲಸೆ ಕಚೇರಿಗೆ ತಿಳಿಸಿ. ಬ್ಲೂ ಕಾರ್ಡ್ ಅವತ್ತೇ ಸಾಯುವುದಿಲ್ಲ. ಹೊಸ ಕೆಲಸ ಹುಡುಕಲು ಕನಿಷ್ಠ ಮೂರು ತಿಂಗಳು, ಕಾರ್ಡ್ ಪಡೆದು ಎರಡು ವರ್ಷವಾಗಿದ್ದರೆ ಆರು ತಿಂಗಳು ಅವಕಾಶ ಎಂದು ಐರೋಪ್ಯ ಒಕ್ಕೂಟದ ನಿಯಮವೇ ಇದೆ. ಭತ್ಯೆ ಪಡೆದರೆ ವೀಸಾಕ್ಕೆ ಕುತ್ತು ಎಂಬ ಹೆದರಿಕೆಗೆ ಆಧಾರವಿಲ್ಲ. ಅದು ನೀವು ಕಟ್ಟಿದ ವಿಮೆಯ ದುಡ್ಡು: ಕೈಗೆ ಬರುತ್ತಿದ್ದುದರ 60 ಪರ್ಸೆಂಟ್, ಮಕ್ಕಳಿದ್ದರೆ 67, ಹನ್ನೆರಡು ತಿಂಗಳು ಕಟ್ಟಿದವರಿಗೆ ಆರು ತಿಂಗಳು.

ಕಂಪನಿಯೇ ದಿವಾಳಿಯಾದರೆ ಸರ್ಕಾರ ದಿವಾಳಿಗೆ ಮುಂಚಿನ ಮೂರು ತಿಂಗಳ ಬಾಕಿ ಸಂಬಳ ಕೊಡುತ್ತದೆ. ಮೂರೇ ತಿಂಗಳು, ಗಮನಿಸಿ. 'ಮುಂದಿನ ಸುತ್ತು ಫಂಡಿಂಗ್ ಬರಲಿ, ಒಟ್ಟಿಗೆ ಕೊಡುತ್ತೇವೆ' ಎಂಬ ಮಾತು ನಂಬಿ ಐದು ತಿಂಗಳು ಸಂಬಳವಿಲ್ಲದೆ ದುಡಿದರೆ ಮೊದಲ ಎರಡು ತಿಂಗಳದ್ದು ಈ ಲೆಕ್ಕಕ್ಕೆ ಬರುವುದಿಲ್ಲ. ಎರಡನೇ ತಿಂಗಳ ಸಂಬಳ ತಪ್ಪಿದಾಗಲೇ ಬರಹದಲ್ಲಿ ಕೇಳಿ, ವಕೀಲರನ್ನು ನೋಡಿ. ಅರ್ಜಿಯನ್ನು ದಿವಾಳಿ ಘೋಷಣೆಯಾದ ಎರಡು ತಿಂಗಳೊಳಗೆ ಹಾಕಬೇಕು.

ಮೊದಲ ಹನ್ನೆರಡು ತಿಂಗಳೊಳಗೆ ಕಂಪನಿ ಬದಲಿಸುವುದಾದರೆ ವಲಸೆ ಕಚೇರಿಗೆ ಹೇಳಬೇಕು, ಅವರು ಮೂವತ್ತು ದಿನ ತಡೆಹಿಡಿದು ಪರಿಶೀಲಿಸಬಹುದು. ಆಮೇಲೆ ಆ ಕಟ್ಟು ಇಲ್ಲ. ಕೆಲಸಕ್ಕೂ ವಾಸಕ್ಕೂ ಇರುವ ಗಂಟು ಪೂರ್ತಿ ಬಿಚ್ಚುವುದು ಕಾಯಂ ವಾಸದ ಪರವಾನಗಿ ಸಿಕ್ಕಾಗ. ಬ್ಲೂ ಕಾರ್ಡಿನಲ್ಲಿ 27 ತಿಂಗಳು ಪಿಂಚಣಿ ವಂತಿಗೆ ಕಟ್ಟಿ, ಎ1, ಅಂದರೆ ಆರಂಭದ ಮಟ್ಟದ ಜರ್ಮನ್ ಇದ್ದರೆ ಅರ್ಜಿ ಹಾಕಬಹುದು. ಬಿ1, ಅಂದರೆ ಮಧ್ಯಮ ಮಟ್ಟ ಇದ್ದರೆ 21 ತಿಂಗಳಿಗೇ. ಆಫೀಸಿನಲ್ಲಿ ಎಲ್ಲರೂ ಇಂಗ್ಲಿಷ್ ಆಡುತ್ತಾರೆ, ಭಾಷೆ ನಿಧಾನಕ್ಕೆ ಕಲಿತರಾಯಿತು ಅನಿಸುತ್ತದೆ. ಆ ಆರು ತಿಂಗಳ ವ್ಯತ್ಯಾಸ ಸ್ಟಾರ್ಟಪ್‌ನಲ್ಲಿರುವವರಿಗೆ ಎಷ್ಟು ದೊಡ್ಡದು ಎಂದು ಈಗ ನಿಮಗೇ ಗೊತ್ತಾಗಿರಬೇಕು. ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಎ1 ಇಲ್ಲೇ ಮುಗಿಸಿಕೊಳ್ಳಿ. ಬರ್ಲಿನ್‌ನ ಸಂಜೆ ಶಾಲೆಯಲ್ಲಿ ವಾರಕ್ಕೆ ಎರಡು ಸಂಜೆ ಕೂತರೂ ಎ2, ಬಿ1 ದಾಟಲು ಒಂದೂವರೆ ವರ್ಷ ಹಿಡಿಯುತ್ತದೆ. ಸೇರಿದ ಮೊದಲ ತಿಂಗಳಲ್ಲೇ ಹೆಸರು ಹಚ್ಚಿದರೆ 21ನೇ ತಿಂಗಳಿಗೆ ಸರಿಹೋಗುತ್ತದೆ, ಪ್ರೊಬೇಷನ್ ಮುಗಿಯಲಿ ಅಂತ ಕಾದರೆ ಹೋಗುವುದಿಲ್ಲ.